ಕಾಂಪೌಂಡಿನ ಹೊರಗಿನ ಬಾವಿ



ಅಂಗಡಿ ಇಟ್ಟವರಿಗೆ ನಷ್ಟ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಇಲಿ ತಿಂದ ಅಕ್ಕಿ, ವಸೂಲಾಗದ ಕಡ, ಮಳೆಗೆ ನೆಂದ ಸಿಮೆಂಟಿನ ಮೂಟೆ, ಎಲ್ಲವೂ ಸಂಜೆಯ ಲೆಕ್ಕದಲ್ಲಿ ಗೊತ್ತಾಗುತ್ತದೆ. ದೊಡ್ಡ ಕಾರ್ಖಾನೆಗಳಿಗೂ ಇಂಥ ಲೆಕ್ಕಗಳಿವೆ. ಬೆಂಕಿಗೆ ವಿಮೆ, ಕಳ್ಳತನಕ್ಕೆ ಕಾವಲುಗಾರ, ಯಂತ್ರ ಕೆಟ್ಟರೆ ಬಿಡಿಭಾಗ. ಆದರೆ ಒಂದು ಬಗೆಯ ನಷ್ಟ ಮೊದಲ ದಿನ ಯಾವ ಖಾತೆಪುಸ್ತಕದಲ್ಲೂ ಕಾಣಿಸುವುದಿಲ್ಲ. ಅದು ಕಾರ್ಖಾನೆಯ ಕಾಂಪೌಂಡಿನ ಆಚೆ, ನೆರೆಮನೆಯ ಬಾವಿಯ ತಳದಲ್ಲಿ ಹುಟ್ಟಿಕೊಳ್ಳುತ್ತದೆ. ಅದನ್ನು ನೋಡದೆ ಹೋದ ಒಂದು ಕಾರ್ಖಾನೆಯ ಕಥೆಯನ್ನು ಇವತ್ತು ಹೇಳಬೇಕೆಂದಿದ್ದೇನೆ.

ಅದಕ್ಕೂ ಮೊದಲು ಸ್ವಲ್ಪ ಹಿಂದಕ್ಕೆ, ನಾಗಪುರಕ್ಕೆ ಹೋಗಿ ಬರೋಣ. 1877ರ ಜನವರಿ 1ರಂದು ಜಮ್‌ಷೇಟ್‌ಜಿ ಟಾಟಾ ಅಲ್ಲಿ ಎಂಪ್ರೆಸ್ ಮಿಲ್ ಎಂಬ ಹತ್ತಿಗಿರಣಿಯನ್ನು ಆರಂಭಿಸಿದರು. ಗಿರಣಿಯೇನೋ ನಿಂತಿತು, ಕೆಲಸಗಾರರು ಮಾತ್ರ ನಿಲ್ಲುತ್ತಿರಲಿಲ್ಲ. ಕೈಗೆ ನಾಲ್ಕು ಕಾಸು ಬಂದರೆ ಊರಿಗೆ, ಹಬ್ಬ ಬಂದರೆ ಊರಿಗೆ. ದಿನವೂ ನೂರರಲ್ಲಿ ಇಪ್ಪತ್ತು ಮಂದಿ ಗೈರುಹಾಜರಿ ಎಂದು ಟಾಟಾ ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಕೈಯಿಲ್ಲದೆ ನಿಂತ ಮಗ್ಗ ಎಂದರೆ ನಷ್ಟವೇ. ದಂಡ ಹಾಕಿ, ಬೈದು ನೋಡುವುದು ಆ ಕಾಲದ ಗಿರಣಿಗಳ ಪದ್ಧತಿ. ಟಾಟಾ ಬೇರೆ ದಾರಿ ಹಿಡಿದರು. 1886ರಲ್ಲಿ ಪಿಂಚಣಿ ನಿಧಿ ಬಂತು, 1895ರಲ್ಲಿ ಅಪಘಾತಕ್ಕೆ ಪರಿಹಾರ ಬಂತು. ಗಿರಣಿಯೊಳಗೆ ಗಾಳಿ ತಂಪಾಗಿಡುವ ಏರ್ಪಾಡು, ಬೆಂಕಿ ಬಿದ್ದರೆ ತಾನಾಗಿ ನೀರು ಸಿಂಪಡಿಸುವ ಏರ್ಪಾಡು ಆದವು. ಇದನ್ನು ಧರ್ಮ ಎನ್ನಿ, ವ್ಯಾಪಾರಬುದ್ಧಿ ಎನ್ನಿ, ಎರಡೂ ಸರಿಯೇ. ಕೆಲಸಗಾರನ ಮುಪ್ಪನ್ನು ನೋಡಿಕೊಂಡರೆ ಮಗ್ಗ ನಿಲ್ಲುವುದಿಲ್ಲ ಎಂಬ ಲೆಕ್ಕ ಅವರಿಗೆ ತಿಳಿದಿತ್ತು. ಸೊಲ್ಲಾಪುರದ ಕೇಳುಗರು ಗಿರಣಿಯ ಭೋಂಗಾ ಕೇಳಿ ಬೆಳೆದವರು. ಅವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆದರೆ ಇದೆಲ್ಲ ಗಿರಣಿಯ ಒಳಗಿನವರ ಮಾತಾಯಿತು. ಹಾಜರಿ ಪುಸ್ತಕದಲ್ಲಿ ಹೆಸರಿರುವವನು ಬರದಿದ್ದರೆ ಮಾಲೀಕನಿಗೆ ಅಂದೇ ಗೊತ್ತಾಗುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ, ಸಂಬಳವನ್ನೂ ಕೇಳದ, ಗೋಡೆಯಾಚೆ ಸುಮ್ಮನೆ ಬಾಳಿಕೊಂಡಿರುವ ನೆರೆಯವನ ವಿಷಯ ಏನು?

ಈಗ ಪ್ಲಾಚಿಮಡಕ್ಕೆ ಬರೋಣ. ಇದು ಕೇರಳದ ಪಾಲಕ್ಕಾಡು ಜಿಲ್ಲೆಯ ಚಿಟ್ಟೂರು ತಾಲೂಕಿನ ಪೆರುಮಾಟ್ಟಿ ಪಂಚಾಯತಿಗೆ ಸೇರಿದ ಒಂದು ಹಳ್ಳಿ. ಮಡಕಶಿರಾ ಕಡೆಯ ಕೇಳುಗರು ಆಂಧ್ರದ ಚಿತ್ತೂರು ಎಂದು ತಿಳಿಯಬಾರದು, ಇದು ಬೇರೆ. ಊರು ತಮಿಳುನಾಡಿನ ಗಡಿಗೆ ಹತ್ತಿರ. ಅಲ್ಲಿಯ ಜನ ನಮ್ಮ ನಿಮ್ಮ ಹಾಗೆಯೇ ಎರಡು ನಾಲಗೆಯವರು. ಮನೆಯ ಮಾತಿನಲ್ಲಿ ತಮಿಳು ಬೆರೆತಿರುತ್ತದೆ, ಕಚೇರಿಯ ಕಾಗದ ಮಲಯಾಳದಲ್ಲಿ ಬರುತ್ತದೆ. ಕಾರ್ಖಾನೆಯ ಸುತ್ತಲಿನ ಕೇರಿಗಳಲ್ಲಿ ಎರವಾಳರ್ ಮೊದಲಾದ ಆದಿವಾಸಿಗಳು ಹೆಚ್ಚು. ಸ್ವಂತ ಭೂಮಿ ಇದ್ದವರು ಕಡಿಮೆ, ಹೆಚ್ಚಿನವರು ಇನ್ನೊಬ್ಬರ ಹೊಲದಲ್ಲಿ ಕೂಲಿ ಮಾಡಿ ಬದುಕುವವರು. ಕೇರಳವೆಂದರೆ ಸದಾ ಮಳೆ ಎಂದು ಹೊರಗಿನವರು ತಿಳಿಯುವುದುಂಟು. ಪಾಲಕ್ಕಾಡಿನ ಈ ಪೂರ್ವಭಾಗ ಮಳೆಯ ಮರೆಯಲ್ಲಿರುವ ನಾಡು. ಅಲ್ಲಿ ಬಾವಿ ಎಂದರೆ ಬಾಳು.

ಕೋಕಾ-ಕೋಲಾ ಕಂಪನಿ 1977ರಲ್ಲಿ ಭಾರತ ಬಿಟ್ಟುಹೋಗಿ 1993ರಲ್ಲಿ ಮರಳಿ ಬಂದದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಅದರ ಭಾರತೀಯ ಅಂಗಸಂಸ್ಥೆಯಾದ ಹಿಂದೂಸ್ತಾನ್ ಕೋಕಾ-ಕೋಲಾ ಬೆವರೇಜಸ್ ಪ್ಲಾಚಿಮಡದಲ್ಲಿ ಸುಮಾರು 34 ಎಕರೆ ಜಮೀನು ಕೊಂಡಿತು. 2000ದ ಜನವರಿಯಲ್ಲಿ ಪೆರುಮಾಟ್ಟಿ ಪಂಚಾಯತಿ ಪರವಾನಗಿ ಕೊಟ್ಟಿತು, ಮಾರ್ಚಿನಲ್ಲಿ ಬಾಟ್ಲಿ ತುಂಬುವ ಕೆಲಸ ಶುರುವಾಯಿತು. ಪಂಚಾಯತಿಗೆ ತೆರಿಗೆ, ಊರಿನ ಕೆಲವರಿಗೆ ಉದ್ಯೋಗ, ಲಾರಿಯವರಿಗೆ ಬಾಡಿಗೆ. ಯಾರು ಬೇಡವೆನ್ನುತ್ತಾರೆ? ಆ ಪರವಾನಗಿ ಕೊಟ್ಟವರನ್ನು ಹಳಿಯುವ ಮನಸ್ಸು ನನಗಿಲ್ಲ. ನಮ್ಮ ಗಡಿಯ ಊರುಗಳಿಗೂ ಒಂದು ಕಾರ್ಖಾನೆ ಬರಲಿ ಎಂದು ನಾವೆಲ್ಲ ಅರ್ಜಿ ಹಿಡಿದು ತಿರುಗಿದವರೇ.

ಕಾರ್ಖಾನೆ ತನ್ನ ಕೊಳವೆಬಾವಿಗಳಿಂದ ದಿನಕ್ಕೆ ಸುಮಾರು 5 ಲಕ್ಷ ಲೀಟರ್ ನೀರೆತ್ತುತ್ತಿತ್ತು. ಈ ಅಂಕಿಯನ್ನು ಕೇಳಿ ಮರೆಯಬಾರದು, ಸ್ವಲ್ಪ ಅಳೆದು ನೋಡಬೇಕು. ಆ ಕಾಲದಲ್ಲಿ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 40 ಲೀಟರ್ ನೀರು ಬೇಕೆಂದು ಸರ್ಕಾರ ಇಟ್ಟುಕೊಂಡಿದ್ದ ಅಳತೆ. ಹಾಗಾದರೆ 5 ಲಕ್ಷ ಲೀಟರ್ ಎಂದರೆ 12,500 ಮಂದಿಯ ಒಂದು ದಿನದ ನೀರು.

ಎರಡು ವರ್ಷ ತುಂಬುವುದರೊಳಗೆ ಸುತ್ತಲಿನ ಬಾವಿಗಳಲ್ಲಿ ನೀರು ಕೆಳಗಿಳಿಯಿತು. ಉಳಿದ ನೀರೂ ಗಡುಸಾಯಿತು. ಬೇಳೆ ಬೇಯದು, ಸಾಬೂನು ನೊರೆ ಕಟ್ಟದು, ಮಿಂದರೆ ಮೈ ತುರಿಕೆ. ಬಾವಿಯಲ್ಲಿ ನೀರಿದ್ದೂ ಕುಡಿಯಲಾಗದ ಸ್ಥಿತಿ. 2003ರಲ್ಲಿ ಆರೋಗ್ಯ ಇಲಾಖೆಯೇ ಆ ನೀರು ಕುಡಿಯಲು ಯೋಗ್ಯವಲ್ಲವೆಂದು ತಿಳಿಸಿತು. ಹೆಂಗಸರು ದೂರದ ಬಾವಿಗಳಿಗೆ ನಡೆದರು. ಕಾಸರಗೋಡಿನವರು ಕೊಡಪಾನ ಎನ್ನಿ, ತಾಳವಾಡಿಯವರು ಬಿಂದಿಗೆ ಎನ್ನಿ, ಜತ್ತದವರು ಕೊಡ ಎನ್ನಿ, ಸೊಂಟಕ್ಕೆ ಅದರ ಭಾರ ಒಂದೇ. ನೀರಿಗೆ ಹೋದ ಹೊತ್ತು ಕೂಲಿಗೆ ಖೋತಾ. ಕಂಪನಿಯ ಯಾವ ಲೆಕ್ಕಿಗನೂ ಆ ಖೋತಾವನ್ನು ಬರೆದುಕೊಳ್ಳಲಿಲ್ಲ. ಅವನ ಕೆಲಸವೂ ಅದಲ್ಲ ಎಂದು ಅಂದಿನವರು ತಿಳಿದಿದ್ದರು.

ಇದರ ನಡುವೆ ಕಂಪನಿ ಊರಿಗೆ ಒಂದು ಉಪಕಾರ ಮಾಡಿತು. ಬಾಟ್ಲಿ ತೊಳೆದ ಕೊಳೆನೀರನ್ನು ಶುದ್ಧಮಾಡಿದ ಮೇಲೆ ತಳದಲ್ಲಿ ಒಂದು ಕೆಸರು ಉಳಿಯುತ್ತದೆ. ಅದನ್ನು ಒಣಗಿಸಿ, ಇದು ಗೊಬ್ಬರ, ಹೊಲಕ್ಕೆ ಹಾಕಿಕೊಳ್ಳಿ ಎಂದು ಸುತ್ತಲಿನ ರೈತರಿಗೆ ಹಂಚಿತು. ಪುಕ್ಕಟೆ ಬಂದ ಗೊಬ್ಬರವನ್ನು ರೈತ ಬೇಡವೆಂದಾನೆಯೇ? ತೆಂಗಿನ ಬುಡಕ್ಕೆ ಹಾಕಿದರು, ಗದ್ದೆಗೆ ಚೆಲ್ಲಿದರು.

ಆ ಕೆಸರಿನ ಗುಟ್ಟು ಬಯಲಾದದ್ದು ಒಂದು ರೇಡಿಯೋ ಕಾರ್ಯಕ್ರಮದಿಂದ. ರೇಡಿಯೋದಲ್ಲಿ ಕೂತು ಇದನ್ನು ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯೂ ಇದೆ, ಮುಚ್ಚಿಡುವುದಿಲ್ಲ. 2003ರ ಜುಲೈಯಲ್ಲಿ ಬಿ.ಬಿ.ಸಿ. ರೇಡಿಯೋದ 'ಫೇಸ್ ದ ಫ್ಯಾಕ್ಟ್ಸ್' ಕಾರ್ಯಕ್ರಮದವರು ಆ ಕೆಸರಿನ ಮಾದರಿಯನ್ನು ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾನಿಲಯದಲ್ಲಿ ಪರೀಕ್ಷೆ ಮಾಡಿಸಿದರು. ಅದರಲ್ಲಿ ಸೀಸ ಮತ್ತು ಕ್ಯಾಡ್ಮಿಯಂ ಎಂಬ ಲೋಹಗಳು ಸಿಕ್ಕಿದವು. ಸೀಸ ಮಕ್ಕಳ ಮಿದುಳಿಗೆ ಕೇಡು, ಕ್ಯಾಡ್ಮಿಯಂ ಮೂತ್ರಪಿಂಡಕ್ಕೆ ಕೇಡು. ಕೆಸರಿನಿಂದ ಅಪಾಯವಿಲ್ಲ ಎಂಬುದು ಕಂಪನಿಯ ವಾದವಾಗಿತ್ತು. ಬಳಿಕ ಕೇರಳದ ಮಾಲಿನ್ಯ ನಿಯಂತ್ರಣ ಮಂಡಳಿಯೂ ಕೆಸರನ್ನು ಪರೀಕ್ಷಿಸಿ, ಹಂಚುವುದನ್ನು ನಿಲ್ಲಿಸಲು ಹೇಳಿತು. ಆಕಳನ್ನು ಕೊಂದು ಕೆರ ದಾನ ಮಾಡಿದ ಹಾಗೆ ಎಂದು ನಮ್ಮಲ್ಲಿ ಒಂದು ಗಾದೆ ಇದೆ. ಇಲ್ಲಿ ದಾನವಾಗಿ ಬಂದ ಕೆರವೂ ಕಾಲು ಕಚ್ಚುವಂಥದು.

ಜನ ಅದಕ್ಕೂ ಮೊದಲೇ ಎದ್ದಿದ್ದರು. 2002ರ ಏಪ್ರಿಲ್ 22ರಂದು ಕಾರ್ಖಾನೆಯ ಗೇಟಿನೆದುರು ಧರಣಿ ಆರಂಭವಾಯಿತು. ಅದನ್ನು ಉದ್ಘಾಟಿಸಿದವರು ವಯನಾಡಿನ ಆದಿವಾಸಿ ನಾಯಕಿ ಸಿ.ಕೆ. ಜಾನು. ಹೋರಾಟದ ಮುಖವಾದವರು ಅದೇ ಕೇರಿಯ ಎರವಾಳರ್ ಹೆಂಗಸು ಮಯಿಲಮ್ಮ. ಓದುಬರಹ ಬಾರದ, ಬಾವಿ ಕೆಟ್ಟದ್ದನ್ನು ಮೊದಲು ನಾಲಗೆಯಿಂದ ತಿಳಿದ ಹೆಂಗಸು. ಆರಂಭದಲ್ಲಿ ದೊಡ್ಡ ರಾಜಕೀಯ ಪಕ್ಷಗಳು ದೂರವೇ ನಿಂತವು. ಕಾರ್ಖಾನೆಯ ಕೆಲಸಗಾರರಿಗೂ ಈ ಧರಣಿಯ ಮೇಲೆ ಸಿಟ್ಟಿತ್ತು. ಅವರ ಸಿಟ್ಟಿನಲ್ಲಿ ತಪ್ಪು ಹುಡುಕುವುದು ಸುಲಭ, ಆದರೆ ಅವರ ಮನೆಯ ಒಲೆ ಉರಿಯುತ್ತಿದ್ದದ್ದು ಆ ಗೇಟಿನಿಂದಲೇ.

2003ರ ಏಪ್ರಿಲ್‌ನಲ್ಲಿ ಪೆರುಮಾಟ್ಟಿ ಪಂಚಾಯತಿ ಪರವಾನಗಿಯನ್ನು ನವೀಕರಿಸುವುದಿಲ್ಲ ಎಂದು ಠರಾವು ಮಾಡಿತು. ಮೂರು ವರ್ಷಗಳ ಹಿಂದೆ ಕರೆದು ಕೂರಿಸಿದ ಪಂಚಾಯತಿಯೇ, ತನ್ನ ತೆರಿಗೆಯ ವರಮಾನವನ್ನೂ ಬಿಟ್ಟು, ಅಂತರ್ಜಲ ಮಿತಿಮೀರಿ ಹೋಗುತ್ತಿದೆ, ಕುಡಿಯುವ ನೀರಿಗೆ ತೊಂದರೆಯಾಗಿದೆ ಎಂದು ಬರೆಯಿತು. ಜಗತ್ತಿನ ಅತಿ ದೊಡ್ಡ ಕಂಪನಿಗಳಲ್ಲಿ ಒಂದರ ಎದುರು ಒಂದು ಗ್ರಾಮಪಂಚಾಯತಿ. ಹೋರಾಟದ ಬೆನ್ನಿಗೆ ನಿಂತವರಲ್ಲಿ 'ಮಾತೃಭೂಮಿ' ಪತ್ರಿಕೆಯ ಎಂ.ಪಿ. ವೀರೇಂದ್ರಕುಮಾರ್ ಪ್ರಮುಖರು. ವಯನಾಡಿನ ನಮ್ಮ ಕೇಳುಗರಿಗೆ ಅವರು ಕಲ್ಪೆಟ್ಟದ ಜೈನ ಮನೆತನದ ಪದ್ಮಪ್ರಭ ಗೌಡರ ಮಗನೆಂದರೆ ಬೇಗ ಗುರುತು ಸಿಗುತ್ತದೆ. 2004ರ ಜನವರಿಯಲ್ಲಿ ಅಲ್ಲೇ ವಿಶ್ವ ಜಲ ಸಮ್ಮೇಳನ ನಡೆಯಿತು, ಹೊರದೇಶಗಳ ಹೋರಾಟಗಾರರೂ ಬಂದು ಆ ಕೇರಿಯ ನೆಲದಲ್ಲಿ ಕುಳಿತರು.

ಮೊಕದ್ದಮೆ ಕೇರಳ ಹೈಕೋರ್ಟಿಗೆ ಹೋಯಿತು. 2003ರ ಡಿಸೆಂಬರ್ 16ರಂದು ಏಕಸದಸ್ಯ ಪೀಠ ತೀರ್ಪು ಕೊಟ್ಟಿತು. ತೀರ್ಪಿನ ಸಾರ ಹೀಗಿತ್ತು. ನೆಲ ನಿನ್ನದಾದ ಮಾತ್ರಕ್ಕೆ ಅದರಡಿಯ ನೀರನ್ನು ಮನಬಂದಷ್ಟು ಎತ್ತುವ ಹಕ್ಕು ನಿನಗೆ ಬರುವುದಿಲ್ಲ. ಅಂತರ್ಜಲ ಸಾರ್ವಜನಿಕರ ಸೊತ್ತು, ಸರ್ಕಾರ ಅದಕ್ಕೆ ಟ್ರಸ್ಟಿ ಇದ್ದ ಹಾಗೆ. ಒಂದು ತಿಂಗಳೊಳಗೆ ಬೇರೆ ಕಡೆಯಿಂದ ನೀರಿನ ಏರ್ಪಾಡು ಮಾಡಿಕೊಳ್ಳಬೇಕು, ಅಷ್ಟೂ ಎಕರೆಯ ಒಬ್ಬ ಸಾಮಾನ್ಯ ರೈತ ಎತ್ತಬಹುದಾದಷ್ಟು ನೀರನ್ನು ಮಾತ್ರ ಎತ್ತಬಹುದು. 2004ರ ಫೆಬ್ರವರಿಯಲ್ಲಿ ಬರದ ಕಾರಣದಿಂದ ಸರ್ಕಾರವೂ ಅಂತರ್ಜಲದ ಬಳಕೆಗೆ ತಡೆ ಹಾಕಿತು. ಮಾರ್ಚಿನಲ್ಲಿ ಕಾರ್ಖಾನೆಯ ಯಂತ್ರಗಳು ನಿಂತವು.

ಕಥೆ ಅಲ್ಲಿಗೇ ಮುಗಿಯಿತೆಂದು ಹೇಳಿದರೆ ಕಂಪನಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ. 2005ರ ಏಪ್ರಿಲ್‌ನಲ್ಲಿ ಅದೇ ಹೈಕೋರ್ಟಿನ ವಿಭಾಗೀಯ ಪೀಠ ತಜ್ಞರ ವರದಿಯೊಂದನ್ನು ಆಧರಿಸಿ, ಮಳೆ ಸರಿಯಾಗಿ ಬಂದ ವರ್ಷ ದಿನಕ್ಕೆ 5 ಲಕ್ಷ ಲೀಟರ್ ಎತ್ತಬಹುದೆಂದು ಹೇಳಿತು. ಆ ವರ್ಷಗಳಲ್ಲಿ ಮಳೆಯೂ ಕಡಿಮೆಯಾಗಿತ್ತು, ನೀರು ಇಳಿಯಲು ನಾವೊಬ್ಬರೇ ಕಾರಣವಲ್ಲ ಎಂಬುದು ಕಂಪನಿಯ ವಾದ. ಇರಬಹುದು. ಆದರೆ ಬರಗಾಲದಲ್ಲಿ ಕಣಜದ ಕೀಲಿ ಕೈಯಲ್ಲಿಟ್ಟುಕೊಂಡವನು ಹೀಗೆ ಲೆಕ್ಕ ಹೇಳಿದರೆ ಊರು ಒಪ್ಪುವುದಿಲ್ಲ. ಕೋರ್ಟಿನಲ್ಲಿ ಗೆದ್ದರೂ ಕಂಪನಿ ಕಾರ್ಖಾನೆಯನ್ನು ಮತ್ತೆ ನಡೆಸಲಾಗಲಿಲ್ಲ. ಪಂಚಾಯತಿ ಸುಪ್ರೀಂ ಕೋರ್ಟಿಗೆ ಹೋಯಿತು, ಮಾಲಿನ್ಯ ಮಂಡಳಿ ಒಪ್ಪಿಗೆ ಕೊಡಲಿಲ್ಲ, ಗೇಟಿನೆದುರಿನ ಚಪ್ಪರ ಏಳಲಿಲ್ಲ. ಕಾನೂನಿನ ಪರವಾನಗಿ ಬೇರೆ, ನೆರೆಯವರ ಒಪ್ಪಿಗೆ ಬೇರೆ. ಎರಡನೆಯದಕ್ಕೆ ಸೀಲು, ಸಹಿ ಇಲ್ಲದಿರುವುದರಿಂದ ಅದೊಂದು ಪರವಾನಗಿಯೆಂದೇ ಕಂಪನಿಗೆ ತೋರಿರಲಿಲ್ಲ. 2017ರ ಜುಲೈಯಲ್ಲಿ, ಪ್ಲಾಚಿಮಡದಲ್ಲಿ ಉತ್ಪಾದನೆಯನ್ನು ಮತ್ತೆ ಆರಂಭಿಸುವ ಉದ್ದೇಶ ತನಗಿಲ್ಲ ಎಂದು ಕಂಪನಿಯೇ ಸುಪ್ರೀಂ ಕೋರ್ಟಿಗೆ ತಿಳಿಸಿತು. ಮಾರ್ಚ್ 2000ದಿಂದ ಮಾರ್ಚ್ 2004ರವರೆಗೆ ನಾಲ್ಕು ವರ್ಷ ನಡೆದ ಕಾರ್ಖಾನೆಗೆ ಹದಿಮೂರು ವರ್ಷಗಳ ವ್ಯಾಜ್ಯ.

ಈ ನಷ್ಟವನ್ನು ತಪ್ಪಿಸಲು ಏನು ಖರ್ಚಾಗುತ್ತಿತ್ತು? ಕೊಳವೆಬಾವಿ ಕೊರೆಯುವ ಮೊದಲು ಸುತ್ತಲಿನ ಬಾವಿಗಳ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಅಳೆದು, ಪಂಚಾಯತಿಯ ಗೋಡೆಗೆ ಅಂಟಿಸುವುದು. ಮಟ್ಟ ಇಳಿದ ತಿಂಗಳು ತಾವೂ ಪಂಪು ಕಡಿಮೆ ಮಾಡುವುದು. ಕೆಸರನ್ನು ಹಂಚುವ ಮೊದಲು ಒಂದು ಪರೀಕ್ಷೆ. ಒಂದು ತಿಂಗಳ ಜಾಹೀರಾತಿನ ಖರ್ಚಿನಲ್ಲಿ ಇದೆಲ್ಲ ಆಗಿಹೋಗುತ್ತಿತ್ತೆಂಬುದು ನನ್ನ ಅಂದಾಜು.

ಕಂಪನಿ ಪಾಠ ಕಲಿಯಲಿಲ್ಲವೆಂದಲ್ಲ. ಹೊಡೆತ ಬಿದ್ದ ಮೇಲೆ ಕಲಿಯಿತು. ಪ್ಲಾಚಿಮಡದ ಹೆಸರು ಕಡಲು ದಾಟಿ ಹೋಗಿತ್ತು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯ 2005ರ ಕೊನೆಯಲ್ಲಿ ಕೋಕಾ-ಕೋಲಾ ಖರೀದಿಯನ್ನು ಕೆಲಕಾಲ ನಿಲ್ಲಿಸಿತು. ಆನಂತರ ಕಂಪನಿಯ ಭಾರತದ ಕೆಲವು ಕಾರ್ಖಾನೆಗಳ ನೀರಿನ ಲೆಕ್ಕವನ್ನು ದೆಹಲಿಯ ಟೆರಿ ಸಂಸ್ಥೆ ಪರಿಶೀಲಿಸಿತು. 2008ರ ಅದರ ವರದಿ ರಾಜಸ್ಥಾನದ ಕಾಲಾಡೇರಾ ಕಾರ್ಖಾನೆಯ ಬಗ್ಗೆ ಹೇಳಿದ್ದು ಕಟುವಾಗಿತ್ತು. ನೀರನ್ನು ಬೇರೆಡೆಯಿಂದ ತನ್ನಿ, ಮಳೆಗಾಲದ ನೀರನ್ನು ಕೂಡಿಡಿ, ಕಾರ್ಖಾನೆಯನ್ನು ಸ್ಥಳಾಂತರಿಸಿ, ಇಲ್ಲವೇ ಮುಚ್ಚಿ. 2016ರಲ್ಲಿ ಅಲ್ಲಿಯೂ ಉತ್ಪಾದನೆ ನಿಂತಿತು. 2007ರಲ್ಲಿ ಕಂಪನಿಯ ಜಾಗತಿಕ ಅಧ್ಯಕ್ಷರಾಗಿದ್ದ ನೆವಿಲ್ ಇಸ್‌ಡೆಲ್, ಪಾನೀಯಕ್ಕೆ ಬಳಸಿದಷ್ಟು ನೀರನ್ನು ನಿಸರ್ಗಕ್ಕೆ ಹಿಂತಿರುಗಿಸುತ್ತೇವೆ ಎಂದು ಘೋಷಿಸಿದರು. ಅಮೆರಿಕದ ಷೇರುದಾರರಿಗೆ ಸಲ್ಲಿಸುವ ವಾರ್ಷಿಕ ವರದಿಯಲ್ಲಿ ನೀರಿನ ಕೊರತೆಯೂ ವ್ಯಾಪಾರಕ್ಕೆ ಒಂದು ಅಪಾಯವೆಂದು ಅಚ್ಚಾಯಿತು. ಬಾವಿಯ ತಳ ಕೊನೆಗೂ ಖಾತೆಪುಸ್ತಕ ಸೇರಿತು. ಊರು ಕೊಳ್ಳೆಹೋದ ಮೇಲೆ ಕೋಟೆಬಾಗಿಲು ಹಾಕಿದರಂತೆ, ಇನ್ನೊಂದು ಊರಿಗೆ ಅದರಿಂದ ಉಪಯೋಗವಾದೀತು.

ಇಷ್ಟು ಕೇಳಿ ಕಾಸರಗೋಡಿನ ಎಣ್ಮಕಜೆ, ಪಡ್ರೆ, ಸ್ವರ್ಗ ಕಡೆಯವರು ಏನು ನೆನಪಿಸಿಕೊಳ್ಳುತ್ತಿದ್ದಾರೆಂದು ನನಗೆ ಗೊತ್ತು. ಅಲ್ಲಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಹೊರದೇಶದ ಕಂಪನಿಯಲ್ಲ, ಕೇರಳ ಸರ್ಕಾರದ್ದೇ ಆದ ತೋಟಗಾರಿಕಾ ನಿಗಮ. 1970ರ ದಶಕದ ಕೊನೆಯಿಂದ 2000ದವರೆಗೆ ಸಿಂಪಡಣೆ ನಡೆಯಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲಿ ಎಂಡೋಸಲ್ಫಾನನ್ನು ತಡೆಯಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಕೇರಳ ಸರ್ಕಾರಕ್ಕೆ ಆಜ್ಞೆ ಮಾಡಿತು. ಟೀಸೊಳ್ಳೆ ಎಂಬ ಕೀಟದಿಂದ ಗೇರುಬೀಜದ ಫಸಲಿಗೆ ಆಗುವ ನಷ್ಟವನ್ನು ತಪ್ಪಿಸಲು ಹೊರಟ ನಿಗಮ ಮನುಷ್ಯರಿಗಾದ ನಷ್ಟವನ್ನು ಎಣಿಸಿರಲಿಲ್ಲ. ಹೊಣೆಗಾರಿಕೆಯ ಪ್ರಶ್ನೆ ಬಂದಾಗ ಬಿಳಿಯರ ಕಂಪನಿ, ನಮ್ಮವರ ಕಂಪನಿ ಎಂಬ ಭೇದ ಹಿಡಿದು ಕೂರಬಾರದು ಎಂಬುದಕ್ಕಾಗಿ ಇದನ್ನು ಹೇಳಿದೆ.

ಈಗ ಕಾನೂನೂ ಬಂದಿದೆ. 2013ರ ಕಂಪನಿ ಕಾಯ್ದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನಿಗದಿತ ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ನೂರಕ್ಕೆ 2ರಷ್ಟನ್ನು ಸಮಾಜದ ಕೆಲಸಕ್ಕೆ ಬಳಸಬೇಕು, ಕಾರ್ಖಾನೆ ಇರುವ ಆಸುಪಾಸಿಗೆ ಆದ್ಯತೆ ಕೊಡಬೇಕು. ಸಿ.ಎಸ್.ಆರ್. ಹಣ ಎಂದು ಪಂಚಾಯತಿಗಳಲ್ಲಿ ಕೇಳಿಬರುವ ಮಾತು ಇದೇ. ಒಳ್ಳೆಯ ಕಾನೂನು, ಅದರಿಂದ ಶಾಲೆಗಳಿಗೆ ಕೊಠಡಿಗಳೂ ಆಸ್ಪತ್ರೆಗೆ ಮಂಚಗಳೂ ಬಂದಿವೆ. ಆದರೆ ಅದು ಎಣಿಸುವುದು ಲಾಭ ಬಂದ ಮೇಲೆ ಕೊಟ್ಟ ಹಣವನ್ನು. ಲಾಭ ಬಂದದ್ದು ಹೇಗೆ, ಯಾರ ಬಾವಿಯಿಂದ ಎಂದು ಆ ಕಲಮು ಕೇಳುವುದಿಲ್ಲ. ನನ್ನ ಪರಿಚಯದ ಒಂದು ಶಾಲೆಯಲ್ಲಿ ಒಂದು ಕಂಪನಿ ಕಟ್ಟಿಸಿಕೊಟ್ಟ ನೀರಿನ ಟ್ಯಾಂಕಿದೆ. ಟ್ಯಾಂಕಿನ ಮೇಲಿನ ಹೆಸರಿನ ಬಣ್ಣ ಇನ್ನೂ ಮಾಸಿಲ್ಲ, ನಲ್ಲಿಯಲ್ಲಿ ನೀರು ಬಂದ ದಿನ ಮಕ್ಕಳಿಗೆ ನೆನಪಿಲ್ಲ. ನಿಮ್ಮ ಊರಿಗೂ ಇಂಥ ಕೊಡುಗೆ ಬಂದರೆ ಬೇಡವೆನ್ನಬೇಡಿ, ತೆಗೆದುಕೊಳ್ಳಿ. ತೆಗೆದುಕೊಳ್ಳುವ ಗ್ರಾಮಸಭೆಯಲ್ಲೇ ಕೊಳವೆಬಾವಿಗಳೆಷ್ಟು, ದಿನಕ್ಕೆಷ್ಟು ಲೀಟರ್, ಕೊಳೆನೀರು ಎಲ್ಲಿಗೆ ಹೋಗುತ್ತದೆ ಎಂದೂ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಪೆರುಮಾಟ್ಟಿಯವರು ಆ ಪ್ರಶ್ನೆ ಕೇಳುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು.

ಕಂಪನಿಯ ನಷ್ಟದ ಲೆಕ್ಕ ಹೇಳಿದೆ. ಊರಿನ ನಷ್ಟದ ಲೆಕ್ಕವನ್ನೂ ಹೇಳಬೇಕು. ಕೇರಳ ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿ ಕೆ. ಜಯಕುಮಾರ್ ಅವರ ಅಧ್ಯಕ್ಷತೆಯಲ್ಲಿ 2010ರ ಮಾರ್ಚಿನಲ್ಲಿ ವರದಿ ಕೊಟ್ಟಿತು. ಒಟ್ಟು ನಷ್ಟ 216.26 ಕೋಟಿ ರೂಪಾಯಿ. ಅದರಲ್ಲಿ ಬೇಸಾಯದ ನಷ್ಟವೇ ಸುಮಾರು 84 ಕೋಟಿ, ನೀರಿನ ಮೂಲಗಳು ಕೆಟ್ಟದ್ದಕ್ಕೆ 62 ಕೋಟಿ, ಆರೋಗ್ಯಕ್ಕೆ 30 ಕೋಟಿ. ಹೆಂಗಸರು ನೀರಿಗೆ ನಡೆದ ಹೊತ್ತಿನ ಕೂಲಿಯನ್ನೂ ಆ ಸಮಿತಿ ಮರೆಯದೆ ಲೆಕ್ಕಕ್ಕೆ ಹಿಡಿದಿತ್ತು. ಕಂಪನಿ ಈ ವರದಿಯನ್ನು ಒಪ್ಪಲಿಲ್ಲ. ಪರಿಹಾರ ವಸೂಲಿಗೆ ವಿಶೇಷ ನ್ಯಾಯಮಂಡಳಿ ರಚಿಸುವ ಮಸೂದೆಯನ್ನು ಕೇರಳ ವಿಧಾನಸಭೆ 2011ರ ಫೆಬ್ರವರಿ 24ರಂದು ಅಂಗೀಕರಿಸಿ ದೆಹಲಿಗೆ ಕಳಿಸಿತು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಸಿಗಲಿಲ್ಲ, ಮಸೂದೆ ಕಾಯ್ದೆಯಾಗಲಿಲ್ಲ. ನ್ಯಾಯಮಂಡಳಿ ಕೂರಲಿಲ್ಲ.

ಮಯಿಲಮ್ಮ 2007ರ ಜನವರಿಯಲ್ಲಿ ತೀರಿಕೊಂಡರು. 2021ರಲ್ಲಿ ಕೊರೋನಾ ರೋಗ ಹಬ್ಬಿದಾಗ ಬಾಗಿಲು ಹಾಕಿದ್ದ ಆ ಕಾರ್ಖಾನೆಯನ್ನು ಚಿಕಿತ್ಸಾ ಕೇಂದ್ರವಾಗಿ ಮಾಡಿದರು. ಬಾಟ್ಲಿ ತುಂಬುತ್ತಿದ್ದ ಶೆಡ್ಡಿನಲ್ಲಿ ಸಾಲಾಗಿ ಹಾಸಿಗೆಗಳನ್ನು ಹಾಕಿದರು. ಆ ಊರಿನವರಲ್ಲಿ ಅನೇಕರು ಗೇಟು ದಾಟಿ ಒಳಗೆ ಕಾಲಿಟ್ಟದ್ದು ಅದೇ ಮೊದಲ ಸಲವಿದ್ದೀತು.